ಕಬ್ಬಿನ ಹಂಗಾಮು ಮತ್ತು ಕನ್ನಡ ಶಾಲೆಯ ಮಕ್ಕಳು

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಭಾಷಾವಿಜ್ಞಾನದಲ್ಲಿ ದ್ವಿಭಾಷಿಕತೆ, ಭಾಷಾಸಂಪರ್ಕ, ಭಾಷಾಪಲ್ಲಟ ಎಂಬ ಪರಿಭಾಷೆಗಳನ್ನು ಓದುತ್ತಾರೆ. ಪರೀಕ್ಷೆಯಲ್ಲಿ ಅವಕ್ಕೆ ಉದಾಹರಣೆಗಳನ್ನು ಕೊಡುವಾಗ ಮಾತ್ರ ಎಲ್ಲೋ ದೂರದ ನಾಡುಗಳನ್ನು ನೆನೆಯುತ್ತಾರೆ. ಜತ್ತ ತಾಲೂಕಿನ ಸಂಖ, ಉಮದಿ, ದರಿಬಡಚಿ, ಗುಡ್ಡಾಪುರಗಳ ಸುತ್ತಿನಲ್ಲಿ ಈ ಪರಿಭಾಷೆಗಳೆಲ್ಲ ಸಂತೆಯಲ್ಲಿಯೂ ಶಾಲೆಯ ಅಂಗಳದಲ್ಲಿಯೂ ದಿನವೂ ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಒಂದನ್ನು, ಅಂದರೆ ವಲಸೆಯ ಮಕ್ಕಳ ಕನ್ನಡ ಶಿಕ್ಷಣದ ಪ್ರಶ್ನೆಯನ್ನು, ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ಡಫಳೆ ಮನೆತನದ ಆಳ್ವಿಕೆಯಲ್ಲಿದ್ದ ಜತ್ತ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. 1967ರ ಮಹಾಜನ ವರದಿ ಈ ತಾಲೂಕಿನ ಕೆಲವು ಹಳ್ಳಿಗಳನ್ನು ಕರ್ನಾಟಕಕ್ಕೆ ಕೊಡಬೇಕೆಂದಿತು. ಗಡಿಯ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದಲ್ಲಿದೆ, ಅದನ್ನು ಅಲ್ಲಿಯೇ ಬಿಡುವುದು ಲೇಸು. ಗೆರೆ ಎಲ್ಲಿ ಬಿದ್ದರೂ ಅದರ ಎರಡೂ ಬದಿಗೆ ಅಲ್ಪಸಂಖ್ಯಾತ ಭಾಷೆಯ ಮಕ್ಕಳು ಉಳಿದೇ ಉಳಿಯುತ್ತಾರೆ.

ಇದನ್ನು ಅರಿತೇ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಲಾಯಿತು. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಬೋಧನೆ ದೊರೆಯುವಂತೆ ಸಾಕಷ್ಟು ಸೌಕರ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. ಅದಕ್ಕೂ ಮೊದಲೇ, 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕನನ್ನು ನೇಮಿಸಬೇಕೆಂಬ ಸೂತ್ರವನ್ನು ಒಪ್ಪಿತ್ತು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯು ಎಂಟು ಭಾಷಾ ಮಾಧ್ಯಮಗಳಲ್ಲಿ ಪುಸ್ತಕ ಪ್ರಕಟಿಸುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಈ ಸೌಲಭ್ಯವನ್ನು ಹಗುರಾಗಿ ಕಾಣಬಾರದು. ಗಣಿತವನ್ನೂ ಪರಿಸರ ಅಧ್ಯಯನವನ್ನೂ ಸ್ವಂತ ಭಾಷೆಯಲ್ಲಿ ಅಚ್ಚಾದ ಪುಸ್ತಕದಿಂದ ಓದುವ ಅವಕಾಶ ಜಗತ್ತಿನ ಅನೇಕ ಅಲ್ಪಸಂಖ್ಯಾತ ಭಾಷೆಗಳಿಗೆ ಇಂದಿಗೂ ಇಲ್ಲ.

ಆದರೆ ಈ ವ್ಯವಸ್ಥೆಯೆಲ್ಲ ಮಗು ವರ್ಷವಿಡೀ ಒಂದೇ ಊರಿನಲ್ಲಿರುತ್ತದೆ ಎಂಬ ಎಣಿಕೆಯ ಮೇಲೆ ನಿಂತಿದೆ. ಜತ್ತ ಬರಗಾಲದ ತಾಲೂಕು. ದಸರೆ ದೀಪಾವಳಿಗಳ ಹೊತ್ತಿಗೆ ಮುಕಾದಮನಿಂದ ಉಚಲು ಪಡೆದ ಕುಟುಂಬಗಳು ಪಶ್ಚಿಮದ ಸಕ್ಕರೆ ಕಾರ್ಖಾನೆಗಳ ಕಡೆ ಕಬ್ಬು ಕಡಿಯಲು ಹೊರಡುತ್ತವೆ. ಗಂಡಹೆಂಡಿರ ಜೋಡಿಗೆ ಲೆಕ್ಕದಲ್ಲಿ ‘ಒಂದು ಕೊಯ್ತಾ’ ಎಂದು ಹೆಸರು. ಕೈಯಲ್ಲಿರುವ ಕತ್ತಿಯ ಹೆಸರೇ ಮನುಷ್ಯರ ಹೆಸರಾದ ಈ ಪದವನ್ನು ಶಬ್ದಾರ್ಥ ಓದುವವರು ಗಮನಿಸಬೇಕು. ಮನೆಯಲ್ಲಿ ಅಜ್ಜ ಅಜ್ಜಿ ಇಲ್ಲದಿದ್ದರೆ ಮಕ್ಕಳೂ ಗಾಡಿ ಏರುತ್ತಾರೆ. ಹಂಗಾಮು ಮುಗಿದು ಅವರು ಮರಳುವಾಗ ಮಾರ್ಚ್, ಏಪ್ರಿಲ್ ಆಗಿರುತ್ತದೆ. ಶಾಲೆಯ ವರ್ಷ ಬಹುಪಾಲು ಕಳೆದಿರುತ್ತದೆ.

ಕಾರ್ಖಾನೆಯ ಬಳಿ ಇಂಥ ಮಕ್ಕಳಿಗೆಂದು ನಡೆಯುವ ‘ಸಾಖರ ಶಾಳಾ’ಗಳು ಒಳ್ಳೆಯ ಉದ್ದೇಶದಿಂದ ಹುಟ್ಟಿದವು. ಆದರೆ ಅಲ್ಲಿನ ಬೋಧನೆ ಮರಾಠಿಯಲ್ಲಿ. ಬೀಡ ಜಿಲ್ಲೆಯಿಂದ ಬಂದ ಮಗುವಿಗೆ ಬದಲಾದದ್ದು ಊರು ಮಾತ್ರ. ಉಮದಿಯ ಕಡೆಯಿಂದ ಬಂದ ಕನ್ನಡ ಮಗುವಿಗೆ ಊರಿನೊಂದಿಗೆ ಲಿಪಿಯೂ ಭಾಷೆಯೂ ಬದಲಾಗುತ್ತವೆ.

ಈ ಬದಲಾವಣೆ ತರಗತಿಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ? ಎಣಿಕೆಯನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ‘ಇಪ್ಪತ್ತೈದು’ ಎನ್ನುವಾಗ ಮೊದಲು ಹತ್ತರ ಸ್ಥಾನ, ಆಮೇಲೆ ಬಿಡಿ ಸ್ಥಾನ; ಬರೆಯುವ ಕ್ರಮವೂ ಅದೇ. ಮರಾಠಿಯ ‘ಪಂಚವೀಸ’ದಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. ಎರಡನೆಯ ಇಯತ್ತೆಯ ಮಗು ಕಿವಿಗೆ ಬಿದ್ದ ಕ್ರಮದಲ್ಲಿಯೇ ಬರೆದರೆ 25 ಹೋಗಿ 52 ಆಗುತ್ತದೆ. ಮಗುವಿಗೆ ಲೆಕ್ಕ ಬಾರದು ಎಂದು ಶಿಕ್ಷಕರು ತಿಳಿಯಬಹುದು. ನಿಜದಲ್ಲಿ ಅದಕ್ಕೆ ಬಾರದಿರುವುದು ಸಂಖ್ಯಾವಾಚಕದ ರಚನೆ. ಲಿಂಗವೂ ಹಾಗೆಯೇ. ಕನ್ನಡದಲ್ಲಿ ನಾಮಪದದ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಕಲ್ಲು, ಮನೆ, ಶಾಲೆ ಎಲ್ಲವೂ ನಪುಂಸಕ. ಮರಾಠಿಯಲ್ಲಿ ದಗಡ ಪುಲ್ಲಿಂಗ, ಘರ ನಪುಂಸಕ, ಶಾಳಾ ಸ್ತ್ರೀಲಿಂಗ. ‘ಮಾಝೀ ಶಾಳಾ’ ಎನ್ನಬೇಕಾದಲ್ಲಿ ‘ಮಾಝಾ ಶಾಳಾ’ ಎಂದ ಮಗುವನ್ನು ಉಳಿದವರು ನಕ್ಕುಬಿಟ್ಟರೆ ಅದು ಬಾಯಿ ತೆರೆಯುವುದನ್ನೇ ನಿಲ್ಲಿಸುತ್ತದೆ. ಹಂಗಾಮು ಮುಗಿಸಿ ಊರ ಶಾಲೆಗೆ ಬಂದಾಗ ಕನ್ನಡದ ಎ‑ಏ, ಒ‑ಓಗಳ ಹ್ರಸ್ವದೀರ್ಘ ಭೇದ ಕೈತಪ್ಪಿರುತ್ತದೆ, ಏಕೆಂದರೆ ಮರಾಠಿಯ ಬರವಣಿಗೆಯಲ್ಲಿ ಆ ಭೇದವೇ ಇಲ್ಲ.

ಊರಲ್ಲೇ ಉಳಿದ ಮಗುವಿನ ದಾರಿಯೂ ಪೂರ್ತಿ ಸುಗಮವಲ್ಲ. ಮನೆಯಲ್ಲಿ ‘ಎಲ್ಲಿ ಹೊಂಟಿ’ ಎನ್ನುವ ಮಗು ಪುಸ್ತಕದಲ್ಲಿ ‘ಎಲ್ಲಿಗೆ ಹೋಗುತ್ತಿರುವೆ’ ಎಂದು ಓದುತ್ತದೆ. ಈ ಅಂತರವನ್ನು ತುಂಬಬೇಕಾದವನು ಎರಡೂ ಬಲ್ಲ ಶಿಕ್ಷಕ. ಅವನ ಜಾಗಕ್ಕೆ ಕನ್ನಡ ಓದಲು ಬಾರದವರು ಬಂದರೆ ಪುಸ್ತಕವಿದ್ದೂ ಮಾಧ್ಯಮ ಇಲ್ಲವಾಗುತ್ತದೆ. ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರು ನೇಮಕಗೊಂಡ ಸುದ್ದಿಯನ್ನು ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. ಆ ಶಿಕ್ಷಕರನ್ನು ದೂರುವುದರಲ್ಲಿ ಅರ್ಥವಿಲ್ಲ. ಅವರೂ ಪೇಚಿಗೆ ಸಿಕ್ಕವರೇ.

ಇಂಥದೇ ಸಂದರ್ಭದಲ್ಲಿ ಮ್ಯಾನ್ಮಾರಿನ ಮೋನ್ ಜನ ಹಿಡಿದ ದಾರಿ ನಮಗೆ ಉಪಯುಕ್ತವಾದೀತು. ಮೋನ್ ಆಸ್ಟ್ರೋಏಷ್ಯಾಟಿಕ್ ಕುಟುಂಬದ ಪ್ರಾಚೀನ ಭಾಷೆ. ದಕ್ಷಿಣ ಭಾರತದಿಂದ ಹೋದ ಬ್ರಾಹ್ಮೀ ಮೂಲದ ಲಿಪಿ ಅದಕ್ಕೆ ಉಂಟು. ಆ ಲೆಕ್ಕದಲ್ಲಿ ನಮ್ಮ ಅಕ್ಷರಗಳಿಗೆ ದೂರದ ದಾಯಾದಿ. 1757ರಲ್ಲಿ ಅವರ ರಾಜಧಾನಿ ಹಂಸಾವತಿ ಬರ್ಮೀ ಸೈನ್ಯಕ್ಕೆ ಸೋತಿತು. ಅನೇಕರು ಸಯಾಮಿಗೆ ವಲಸೆ ಹೋದರು. ಥಾಯ್ಲೆಂಡಿನ ಹಳೆಯ ಮೋನ್ ನೆಲೆಗಳಲ್ಲಿ ಹಬ್ಬ, ಉಡುಗೆ, ವಿಹಾರಗಳು ಉಳಿದವು, ಮಾತು ಬಹುಮಟ್ಟಿಗೆ ಥಾಯ್ ಆಯಿತು. ಮ್ಯಾನ್ಮಾರಿನಲ್ಲಿ ಮಾತ್ರ ಬೌದ್ಧ ಭಿಕ್ಷುಗಳು ಬೇಸಗೆಯ ರಜೆಯಲ್ಲಿ ವಿಹಾರಗಳಲ್ಲಿ ಅಕ್ಷರ ಕಲಿಸುತ್ತ ಬಂದರು. 1992ರಲ್ಲಿ ರೂಪುಗೊಂಡ ಮೋನ್ ರಾಷ್ಟ್ರೀಯ ಶಿಕ್ಷಣ ಸಮಿತಿಯ ಶಾಲೆಗಳು ಪ್ರಾಥಮಿಕ ಹಂತವನ್ನು ಮೋನ್ ಭಾಷೆಯಲ್ಲಿ ಕಲಿಸಿ, ಮಾಧ್ಯಮಿಕದಲ್ಲಿ ಕ್ರಮೇಣ ಬರ್ಮೀ ಭಾಷೆಗೆ ದಾಟಿಸಿ, ಸರ್ಕಾರಿ ಪರೀಕ್ಷೆಗೂ ಮಕ್ಕಳನ್ನು ಸಿದ್ಧಪಡಿಸಿದವು. ದೊಡ್ಡ ಭಾಷೆಯನ್ನು ದೂರವಿಡುವ ಹಠ ಅವರಲ್ಲಿರಲಿಲ್ಲ. ಅದಕ್ಕೆ ಸೇತುವೆ ಕಟ್ಟುವವರೆಗೆ ಮೊದಲ ಭಾಷೆಯನ್ನು ಕಳಚದಿರುವುದೇ ಅವರ ಉಪಾಯ. ಇಂದು ದುಡಿಮೆಗಾಗಿ ಥಾಯ್ಲೆಂಡಿಗೆ ಹೋಗುವ ಮೋನ್ ಕುಟುಂಬಗಳ ಮಕ್ಕಳ ಮುಂದೆಯೂ ಇದೇ ಪ್ರಶ್ನೆ ಇದೆ.

ನಮ್ಮಲ್ಲಿ ಈ ಸೇತುವೆಯ ನೆನಪು ಹಳೆಯದು. ಉಮದಿಯ ಭಾವೂಸಾಹೇಬ ಮಹಾರಾಜರ ಶಿಷ್ಯಪರಂಪರೆಯಲ್ಲಿ ಕನ್ನಡ ಪದಗಳನ್ನೂ ಮರಾಠಿ ಅಭಂಗಗಳನ್ನೂ ಒಂದೇ ಸಪ್ತಾಹದಲ್ಲಿ ಹಾಡುತ್ತಾರೆ. ಆ ಪರಂಪರೆಯ ಗುರುದೇವ ರಾನಡೆಯವರು ಮಹಾರಾಷ್ಟ್ರದ ಸಂತರ ಕುರಿತೂ ಕನ್ನಡ ಸಂತರ ಕುರಿತೂ ಬೇರೆಬೇರೆ ಗ್ರಂಥ ರಚಿಸಿದರು. ಗುಡ್ಡಾಪುರದ ದಾನಮ್ಮನ ಜಾತ್ರೆಯಲ್ಲಿ ಯಾರು ಯಾವ ಭಾಷೆಯಲ್ಲಿ ಹರಕೆ ಹೊತ್ತರೆಂದು ಕೇಳುವವರಿಲ್ಲ. ಕೇಳುವುದು ಶಾಲೆಯ ದಾಖಲೆಯಲ್ಲಿ ಮಾತ್ರ. ವಿಚಿತ್ರವೆಂದರೆ, ಅಲ್ಲಿ ಕೇಳಬೇಕಾದುದೂ ಅಗತ್ಯ.

ಮಕ್ಕಳನ್ನು ಊರಲ್ಲೇ ನಿಲ್ಲಿಸುವ ಹಂಗಾಮಿ ವಸತಿಗೃಹಗಳ ಯೋಜನೆ ಮಹಾರಾಷ್ಟ್ರದಲ್ಲಿದೆ. ಗಡಿಯ ಕನ್ನಡ ಮಕ್ಕಳಿಗೆ ಅದೇ ಮೊದಲ ಪರಿಹಾರ ಎಂಬುದು ನನ್ನ ಅಭಿಪ್ರಾಯ. ಅದು ಸಾಧ್ಯವಾಗದೆ ಹೊರಟು ನಿಂತ ಮಗುವಿನ ಕೈಗೆ ಎರಡು ವಸ್ತುಗಳನ್ನಾದರೂ ಕೊಡಬಹುದು: ಕಲಿಕೆಯ ಮಾಧ್ಯಮ ಕನ್ನಡವೆಂದು ಸ್ಪಷ್ಟವಾಗಿ ನಮೂದಿಸಿದ ಪತ್ರ, ಮತ್ತು ಕನ್ನಡ ಪಠ್ಯಪುಸ್ತಕ. ಮೂರನೆಯದನ್ನು ನಮ್ಮ ವಿಭಾಗವೇ ಸಿದ್ಧಪಡಿಸಬಹುದು. ಒಂದರಿಂದ ನೂರರವರೆಗಿನ ಸಂಖ್ಯಾವಾಚಕಗಳು, ಕೂಡು, ಕಳೆ, ಗುಣಿಸು, ಭಾಗಿಸು ಮೊದಲಾದ ಗಣಿತದ ಮಾತುಗಳು, ಶಾಲೆಯ ನಿತ್ಯದ ವಾಕ್ಯಗಳು, ಇವನ್ನು ಕನ್ನಡ ಮತ್ತು ಮರಾಠಿಯಲ್ಲಿ ಎದುರುಬದುರಾಗಿ ಬರೆದ ಒಂದು ಕಿರುಹೊತ್ತಿಗೆ. ಎರಡೂ ಲಿಪಿ ಬಲ್ಲ ವಿದ್ಯಾರ್ಥಿಗಳು ನಮ್ಮ ತರಗತಿಯಲ್ಲಿಯೇ ಇದ್ದಾರೆ, ಹಂಗಾಮು ಕಂಡವರೂ ಇದ್ದಾರೆ. ದಸರೆಗೆ ಮುಂಚೆ ಅದು ಮುಗಿಯಬೇಕು.