ಪೇಟೆಯಂಚಿನ ವನ್ಯಜೀವಿ ಮುಖಾಮುಖಿ (ಶಿರಸಿ, ಸಿದ್ದಾಪುರ, ಯಲ್ಲಾಪುರ)

ಕಾಡುಪ್ರಾಣಿಯೊಂದು ಜನವಸತಿಯೊಳಗೆ ಕಾಣಿಸಿಕೊಂಡು ಜನರಲ್ಲಿ ಭಯ ಹುಟ್ಟಿಸುವ ಸನ್ನಿವೇಶವನ್ನು ವನ್ಯಜೀವಿ ಮುಖಾಮುಖಿ ಎನ್ನಲಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳಲ್ಲಿ ಇದು ಅಪರೂಪವಲ್ಲ. ಇಂತಹ ಸಂದರ್ಭಗಳಲ್ಲಿ ಪ್ರಾಣಿಯ ಹೊಣೆ ಅರಣ್ಯ ಇಲಾಖೆಯದು, ಜನಸಂದಣಿಯ ಹೊಣೆ ಪೊಲೀಸರದು. ಇವೆರಡರಲ್ಲಿ ಎರಡನೆಯದೇ ಹೆಚ್ಚು ಕಠಿಣವೆಂಬುದು ಕರ್ನಾಟಕದ ಅನುಭವ.

ಹಿನ್ನೆಲೆ

ಜಿಲ್ಲೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ನೆಲ ಅರಣ್ಯವಾಗಿದೆ. ಕೆನರಾ ಅರಣ್ಯ ವೃತ್ತದ ಕೇಂದ್ರ ಕಚೇರಿಯು ಶಿರಸಿಯಲ್ಲಿದೆ. 2011ರಲ್ಲಿ ಘೋಷಿತವಾದ ಅಘನಾಶಿನಿ ಮತ್ತು ಬೇಡ್ತಿ ಸಂರಕ್ಷಿತ ಪ್ರದೇಶಗಳು ಈ ತಾಲ್ಲೂಕುಗಳ ಕಾಡುಗಳನ್ನು ಒಳಗೊಂಡಿವೆ. ಇಲ್ಲಿ ಊರಿಗೂ ಕಾಡಿಗೂ ನಡುವೆ ಗೆರೆ ಎಳೆಯುವುದು ಸುಲಭವಲ್ಲ. ಕಣಿವೆಯಲ್ಲಿ ಅಡಿಕೆ ತೋಟ, ಅದರ ಅಂಚಿನಲ್ಲಿ ಮನೆ ಮತ್ತು ಕೊಟ್ಟಿಗೆ, ಹಿಂಬದಿಯಲ್ಲಿ ತೋಟಕ್ಕೆ ಸೊಪ್ಪು ಒದಗಿಸುವ ಸೊಪ್ಪಿನ ಬೆಟ್ಟ, ಅದರಾಚೆ ದಟ್ಟ ಕಾಡು. ಆದುದರಿಂದ ಚಿರತೆಯು ಊರಿಗೆ "ನುಗ್ಗಿತು" ಎಂಬ ಪತ್ರಿಕೆಗಳ ಮಾತು ಈ ಸೀಮೆಗೆ ಅಷ್ಟಾಗಿ ಒಪ್ಪುವುದಿಲ್ಲ. ನಾಯಿ, ಕರುಗಳ ವಾಸನೆ ಹಿಡಿದು ಅದು ರಾತ್ರಿ ಅಂಗಳದ ಬದಿಯಲ್ಲೇ ಹಾದುಹೋಗುವುದುಂಟು. ಯಲ್ಲಾಪುರದ ಕಡೆಗೆ ಭತ್ತದ ಕೊಯ್ಲಿನ ಕಾಲದಲ್ಲಿ ಆನೆಗಳೂ ಬರುತ್ತವೆ.

ಭಯದ ಸ್ವರೂಪ

ಚಿರತೆಯು ಸಾಮಾನ್ಯವಾಗಿ ಮನುಷ್ಯರಿಂದ ದೂರವಿರಲು ಯತ್ನಿಸುತ್ತದೆ. ಓಡಲು ದಾರಿಯಿಲ್ಲದಾಗ ಎರಗುತ್ತದೆ. ಅದನ್ನು ನೋಡಲು, ಮೊಬೈಲಿನಲ್ಲಿ ಚಿತ್ರೀಕರಿಸಲು ಸುತ್ತುಗಟ್ಟುವ ಜನರೇ ಆ ದಾರಿಯನ್ನು ಮುಚ್ಚಿಬಿಡುತ್ತಾರೆ. ಅರಿವಳಿಕೆ ಮದ್ದು ತಗುಲಿದ ಪ್ರಾಣಿಯು ಕೂಡಲೇ ಬೀಳುವುದಿಲ್ಲ. ಮದ್ದು ಏರಲು ಹಲವು ನಿಮಿಷಗಳು ಬೇಕು. ಆ ಅವಧಿಯೇ ಅತ್ಯಂತ ಅಪಾಯಕಾರಿ.

ಎಲ್ಲ ಭಯವೂ ಆಧಾರರಹಿತವಲ್ಲ. ಸಿದ್ದಾಪುರ ತಾಲ್ಲೂಕಿನಲ್ಲಿ ಸತ್ತ ಮಂಗವೊಂದು ಕಂಡರೆ ಜನ ಹೆದರುವುದಕ್ಕೆ ಕಾರಣವಿದೆ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ, ಉಣ್ಣೆಗಳಿಂದ ಹರಡುವ ಮಂಗನ ಕಾಯಿಲೆ ಇಲ್ಲಿಯೂ ಜೀವಹಾನಿ ಮಾಡಿದೆ. ಸತ್ತ ಮಂಗವನ್ನು ಮುಟ್ಟದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಬೇಕು.

ರಾಜ್ಯದ ಕೆಲವು ಘಟನೆಗಳು

ಜನಸಂದಣಿ ಮತ್ತು ವದಂತಿಗಳ ಪರಿಣಾಮವು ದೊಡ್ಡ ನಗರಗಳ ಘಟನೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2011ರ ಜೂನ್ 8ರಂದು ಮೈಸೂರು ನಗರಕ್ಕೆ ಬಂದ ಆನೆಯ ದಾಳಿಗೆ ಬ್ಯಾಂಕೊಂದರ ಕಾವಲುಗಾರ ಬಲಿಯಾದರು. 2016ರ ಫೆಬ್ರವರಿ 7ರಂದು ಬೆಂಗಳೂರಿನ ವೈಟ್‌ಫೀಲ್ಡ್ ಸಮೀಪದ ಶಾಲೆಯೊಂದರಲ್ಲಿ ಚಿರತೆ ಕಾಣಿಸಿಕೊಂಡಿತು. ಅಂದು ಭಾನುವಾರವಾದ್ದರಿಂದ ಮಕ್ಕಳಿರಲಿಲ್ಲ. ಕಾರ್ಯಾಚರಣೆ ರಾತ್ರಿಯವರೆಗೆ ನಡೆದು, ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಸೇರಿದಂತೆ ಹಲವರು ಗಾಯಗೊಂಡರು. ಪ್ರಾಣಿ ಸೆರೆಯಾದ ಮೇಲೂ ಭಯ ಅಡಗಲಿಲ್ಲ. ಮತ್ತೆ ಚಿರತೆ ಕಂಡಿತೆಂಬ ಸುದ್ದಿ ಹರಡಿ, ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಶಾಲೆಗಳಿಗೆ ರಜೆ ಕೊಡಲಾಯಿತು. 2023ರ ನವೆಂಬರ್ 1ರಂದು ಬೆಂಗಳೂರಿನ ಕೂಡ್ಲು ಗೇಟ್ ಬಳಿ ಸೆರೆ ಕಾರ್ಯಾಚರಣೆಯ ವೇಳೆ ಗುಂಡೇಟಿಗೆ ಸಿಕ್ಕ ಚಿರತೆಯು ಸತ್ತುಹೋಯಿತು.

ಪೊಲೀಸರ ಪಾತ್ರ

ಚಿರತೆಯನ್ನು ಕೊಲ್ಲಲು ಪೊಲೀಸರಿಗೆ ತಾವಾಗಿಯೇ ಅಧಿಕಾರವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೆಯ ಕಲಮಿನಂತೆ, ಮನುಷ್ಯಜೀವಕ್ಕೆ ಅಪಾಯಕಾರಿಯಾದ ಅನುಸೂಚಿ 1ರ ಪ್ರಾಣಿಯ ಬಗ್ಗೆ ಅನುಮತಿ ನೀಡುವವರು ಮುಖ್ಯ ವನ್ಯಜೀವಿ ಪರಿಪಾಲಕರು. ಪ್ರಾಣರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಅಪರಾಧವಾಗದು. ಪೊಲೀಸರು ಮಾಡಬಹುದಾದುದು ರಸ್ತೆ ತಡೆಯುವುದು, ಜನರನ್ನು ಹಿಂದಕ್ಕೆ ಕಳುಹಿಸುವುದು, ವದಂತಿ ತಡೆಯುವುದು. ಅಗತ್ಯವೆನಿಸಿದರೆ ನಿಷೇಧಾಜ್ಞೆಯೂ ಜಾರಿಯಾಗಬಹುದು. ಇದು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 144ನೆಯ ಕಲಮಿನಡಿ ಇತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಕಲಮಿನಡಿ ಬರುತ್ತದೆ. ಸಹಾಯಕ್ಕೆ ಕರೆ ಮಾಡಲು 112 ಮತ್ತು ಅರಣ್ಯ ಸಹಾಯವಾಣಿ 1926 ಇವೆ.

ಘಟ್ಟದ ಮೇಲಿನ ಈ ಸೀಮೆಯಲ್ಲಿ ಪೊಲೀಸರ ಇನ್ನೊಂದು ಕೆಲಸ ಕೋವಿ ಮತ್ತು ಉರುಳಿಗೆ ಸಂಬಂಧಿಸಿದ್ದು. ಕಾಡುಹಂದಿಗೆಂದು ಬೈಕಿನ ತಂತಿಯಿಂದ ಹೆಣೆದ ಉರುಳಿಗೆ ಚಿರತೆ ಸಿಕ್ಕಿಬೀಳುವುದುಂಟು. ನೋವಿನಿಂದ ಕೆರಳಿದ ಆ ಪ್ರಾಣಿಯ ಬಳಿ ಹೋಗುವುದು, ಸ್ವತಂತ್ರವಾಗಿ ತಿರುಗುವ ಚಿರತೆಯನ್ನು ಎದುರಿಸುವುದಕ್ಕಿಂತ ಗಂಡಾಂತರದ್ದು. ಅನುಸೂಚಿ 1ರ ಪ್ರಾಣಿಯ ಬೇಟೆಗೆ 3ರಿಂದ 7 ವರ್ಷಗಳ ಸೆರೆವಾಸವಿದೆ. ಬೆಳೆ ರಕ್ಷಣೆಗಾಗಿ ಪರವಾನಗಿ ಪಡೆದ ಕೋವಿಗಳನ್ನು ಚುನಾವಣೆ ಬಂದಾಗ ಪೊಲೀಸ್ ಠಾಣೆಯಲ್ಲಿ ಒಪ್ಪಿಸುವ ಪದ್ಧತಿಯಿದ್ದು, ಇದಕ್ಕೆ ರೈತರ ಆಕ್ಷೇಪವಿದೆ. ಆ ವಾರಗಳಲ್ಲಿ ತೋಟ ಕಾಯುವವರಿಗೆ ಪಟಾಕಿ, ತಗಡಿನ ಡಬ್ಬಿ ಹಾಗೂ ಸಾಕುನಾಯಿಗಳೇ ಆಸರೆ.