ವಿದ್ಯಾರ್ಥಿವೇತನದ ಅರ್ಜಿಯಲ್ಲಿ ರೈತ ಕುಟುಂಬದ ವಿವರ

ಮುಂಗಾರು ಬಿತ್ತನೆಯ ಗಡಿಬಿಡಿ ಮುಗಿಯುವ ಹೊತ್ತಿಗೆ ಮಕ್ಕಳ ಕಾಲೇಜು ಪ್ರಾರಂಭವಾಗುತ್ತದೆ. ಅದರ ಹಿಂದೆಯೇ ವಿದ್ಯಾರ್ಥಿವೇತನದ ಅರ್ಜಿಯೂ ಬರುತ್ತದೆ. ಅಂಕಗಳ ವಿವರವನ್ನು ಮಗ ಅಥವಾ ಮಗಳು ತಾನೇ ತುಂಬಿಕೊಳ್ಳಬಲ್ಲರು. ಕುಟುಂಬದ ವಾರ್ಷಿಕ ಆದಾಯ, ಪೋಷಕರ ಉದ್ಯೋಗ, ಜಮೀನಿನ ವಿಸ್ತೀರ್ಣ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ನೀವು.

ನಮ್ಮ ರೈತರಲ್ಲಿ ಬಹುಪಾಲು ಮಂದಿ ಆದಾಯದ ಮುಂದೆ ನೆರೆಯವನು ಬರೆಸಿದ ಅಂಕಿಯನ್ನೇ ಬರೆಸುತ್ತಾರೆ. ಕೆಲವರು ಮಾರಿದ ಬೆಳೆಯ ಪೂರ್ಣ ಮೊತ್ತವನ್ನು ಹೇಳಿ ಮಿತಿ ಮೀರುತ್ತಾರೆ. ಮತ್ತೆ ಕೆಲವರು ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ ಎಂದು ಅದನ್ನು ಬಿಟ್ಟೇ ಬಿಡುತ್ತಾರೆ. 1961ರ ಆದಾಯ ತೆರಿಗೆ ಕಾಯಿದೆಯಲ್ಲಿ ಕೃಷಿ ಆದಾಯಕ್ಕೆ ವಿನಾಯಿತಿ ಇದ್ದದ್ದು ನಿಜ. ಆದರೆ ವಿದ್ಯಾರ್ಥಿವೇತನಕ್ಕೆ ಕೇಳುವುದು ಎಲ್ಲ ಮೂಲಗಳ ಆದಾಯ.

ಒಂದು ಲೆಕ್ಕ ನೋಡೋಣ. 2 ಎಕರೆ ಖುಷ್ಕಿಯಲ್ಲಿ 16 ಕ್ವಿಂಟಲ್ ರಾಗಿ ಬಂದಿತು, ಕ್ವಿಂಟಲಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳಿ. ಮನೆಗೆ ಇಟ್ಟುಕೊಂಡ ರಾಗಿಯೂ ಸೇರಿ ಹುಟ್ಟುವಳಿ 64,000 ರೂಪಾಯಿ. ಉಳುಮೆ, ಬೀಜ, ಗೊಬ್ಬರ, ಕೂಲಿಯಾಳುಗಳಿಗೆ 26,000 ಹೋದರೆ ಉಳಿಯುವುದು 38,000. ಡೈರಿಗೆ ಹಾಕಿದ ಹಾಲಿನಿಂದ 48,000 ಬಂದು, ಹಿಂಡಿ, ಬೂಸಾ, ಔಷಧಿಗೆ 27,000 ಆಗಿದ್ದರೆ ಉಳಿದದ್ದು 21,000. ಹೊರಗೆ ದುಡಿದ ಕೂಲಿ 15,000. ಒಟ್ಟು ಆದಾಯ 74,000 ರೂಪಾಯಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಬೆಂಬಲ ಬೆಲೆ ಕೇಳುವಾಗ ಮನೆಯವರ ದುಡಿಮೆಗೂ ಬೆಲೆ ಕಟ್ಟಿ ಖರ್ಚಿಗೆ ಸೇರಿಸಿರಿ ಎಂದು ನಾವೇ ಹೇಳುತ್ತೇವೆ; ಅದು ಸರಿಯಾದ ವಾದ. ಕುಟುಂಬದ ಆದಾಯ ಹೇಳುವಾಗ ಮಾತ್ರ ಅದನ್ನು ಕಳೆಯಬಾರದು, ಏಕೆಂದರೆ ಆ ಕೂಲಿ ಮನೆಯಲ್ಲೇ ಉಳಿದಿದೆ. ಬೆಳೆಸಾಲದ ಬಡ್ಡಿ ಖರ್ಚು. ತೀರಿಸಿದ ಅಸಲು ಖರ್ಚಲ್ಲ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ನಾಡಕಚೇರಿಗೆ ಹೋದರೆ ಗ್ರಾಮ ಆಡಳಿತಾಧಿಕಾರಿ ಕೇಳಿದಾಗ ತಡವರಿಸಬೇಕಾಗಿಲ್ಲ.

ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಅವಧಿ ಇದೆ ಎಂದು ಹಳೆಯದನ್ನೇ ಹಿಡಿದು ಕೂರಬೇಡಿ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಒಳ್ಳೆಯ ಮಳೆಯ ವರ್ಷದಲ್ಲಿ ಪಡೆದ ಪತ್ರ ಅಂಥ ವರ್ಷದ ಸ್ಥಿತಿಯನ್ನು ಹೇಳಲಾರದು. ಸ್ಥಿತಿ ಬದಲಾದರೆ ಹೊಸ ಪತ್ರಕ್ಕೆ ಅರ್ಜಿ ಹಾಕಿರಿ.

ಇನ್ನು ಕುಟುಂಬವೆಂದರೆ ಯಾರು? ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವೇತನಕ್ಕೆ 2013ರಲ್ಲಿ 2.5 ಲಕ್ಷ ರೂಪಾಯಿ ಮಿತಿ ಗೊತ್ತಾಯಿತು. ಅದರ ನಿಯಮಗಳಲ್ಲಿ ಬಹುಕಾಲದಿಂದ ಇರುವ ಮಾತೆಂದರೆ, ತಂದೆ ಅಥವಾ ತಾಯಿ ಬದುಕಿರುವವರೆಗೆ ಅವರ ಆದಾಯವನ್ನಷ್ಟೇ ಹಿಡಿಯಬೇಕು ಎಂಬುದು. ಬೆಂಗಳೂರಿನಲ್ಲಿ ದುಡಿಯುವ ಅಣ್ಣನ ಸಂಬಳ ಇದರಲ್ಲಿ ಸೇರದು. ಇಬ್ಬರೂ ಇಲ್ಲದಿದ್ದರೆ ಮಾತ್ರ ಸಾಕುತ್ತಿರುವ ಪೋಷಕರ ಆದಾಯ. ಬೇರೆ ಯೋಜನೆಗಳಿಗೆ ಬೇರೆ ಮಿತಿ, ಬೇರೆ ನಿಯಮ; ಆಯಾ ವರ್ಷದ ಪ್ರಕಟಣೆ ಓದಿಯೇ ತುಂಬಬೇಕು.

ನನ್ನ ಬಳಿ ಓದುತ್ತಿದ್ದ ಒಬ್ಬ ಹುಡುಗಿಯ ತಂದೆ ಸುಗ್ಗಿಗೆ ಮೊದಲೇ ತೀರಿಕೊಂಡರು. ಅವಳು ಅರ್ಜಿಯಲ್ಲಿ ಹಿಂದಿನ ವರ್ಷದಂತೆ ತಂದೆಯ ಉದ್ಯೋಗ, ಆದಾಯ ಎಲ್ಲವನ್ನೂ ಬರೆದಿದ್ದಳು. ಏಕಮ್ಮಾ ಎಂದು ಕೇಳಿದರೆ, ಸತ್ತರೆಂದು ಬರೆಯಲು ಕೈ ಬರಲಿಲ್ಲ ಎಂದಳು. ಅರ್ಜಿ ಮಿತಿ ಮೀರಿದ್ದೆಂದು ತಿರಸ್ಕೃತವಾಗಿತ್ತು. ನಾನು ಮೊದಲೇ ಅದನ್ನು ನೋಡಬೇಕಾಗಿತ್ತು. ದುಡಿಯುವ ತಂದೆ ಅಥವಾ ತಾಯಿ ತೀರಿಕೊಂಡು ಆದಾಯ ಮಿತಿಯೊಳಗೆ ಇಳಿದರೆ ಆ ತಿಂಗಳಿಂದಲೇ ಅರ್ಹತೆ ಬರುತ್ತದೆ, ಗಡುವು ಮೀರಿದ್ದರೂ ಅನುಕಂಪದ ಮೇಲೆ ಅರ್ಜಿ ಪರಿಗಣಿಸಬಹುದು ಎಂದು ಅದೇ ಮೆಟ್ರಿಕ್ ನಂತರದ ಯೋಜನೆಯ ಮಾರ್ಗಸೂಚಿ ಹೇಳಿದೆ. ತಂದೆ ಮನೆ ಬಿಟ್ಟು ಹೋಗಿದ್ದರೆ, ಮಗು ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದರೆ ಅದನ್ನೂ ಮುಚ್ಚಿಡದೆ ಕಾಲೇಜಿನಲ್ಲಿ ತಿಳಿಸಿರಿ. ಓದುವ ಗುಮಾಸ್ತನಿಗೆ ಅದು ಹೊಸ ಸಂಗತಿಯೇನಲ್ಲ.

ಜಮೀನು ಇದ್ದವರು ಭೂರಹಿತ ಕೂಲಿಕಾರ ಎಂದು ಬರೆಸುವುದೂ ಉಂಟು. ಪಹಣಿ ಗಣಕಯಂತ್ರದಲ್ಲಿರುವ ಈ ಕಾಲದಲ್ಲಿ ಅದು ನಿಲ್ಲದು. ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ: ಉಳುವವನು ಮಗ, ಪಹಣಿಯಲ್ಲಿ ಹೆಸರು ಎಂದೋ ತೀರಿದ ತಾತನದು. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿ ರೈತರ ಫ್ರೂಟ್ಸ್ ನೋಂದಣಿ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಂಡಿತು. ಆದ್ದರಿಂದ ಪೌತಿ ಖಾತೆ ಮಾಡಿಸುವ ಕೆಲಸವನ್ನು ಅರ್ಜಿ ಕರೆಯುವವರೆಗೆ ಮುಂದೂಡಬಾರದು. ಅಣ್ಣತಮ್ಮಂದಿರ ಒಪ್ಪಿಗೆಗೇ ತಿಂಗಳುಗಳು ಹಿಡಿಯುತ್ತವೆ.

ಅರ್ಜಿ ಕಳಿಸುವ ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್‌ನಲ್ಲಿ ಹೆಸರು, ಇನಿಷಿಯಲ್ ಒಂದೇ ಇದೆಯೇ ನೋಡಿಕೊಳ್ಳಿರಿ. ಹಣ ಹೋಗುವುದು ವಿದ್ಯಾರ್ಥಿಯ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕ್ ಖಾತೆಗೆ. ಅದು ಯಾವುದೆಂದು ಬ್ಯಾಂಕಿನಲ್ಲಿ ವಿಚಾರಿಸಿ, ಪಾಸ್‌ಪುಸ್ತಕದ ಮೇಲೆ ಗುರುತು ಹಾಕಿಡಿ.