ಗಾಡಿ ಜಗ್ಗವಲ್ದು ಅಂದ್ರ ಇಂಜಿನ್ನ ಹೋಗೈತೇನು?

ಕಮತಗಿಯಿಂದ ಅಮೀನಗಡ, ಹುನಗುಂದ, ಇಳಕಲ್ ಕಡೆಗೆ ಇನ್ನೂ ಓಡುವ ಹಳೆಯ ಓಮ್ನಿ, ಮಾರುತಿ 800ಗಳ ಮಾಲೀಕರ ದೂರು ಸಾಮಾನ್ಯವಾಗಿ ಒಂದೇ: ಎಕ್ಸಲೇಟರ್ ಒತ್ತಿದರೆ ಗಾಡಿ ಒಂದು ಗಳಿಗೆ ತಡವರಿಸಿ, ಜರ್ಕ್ ಹೊಡೆದು, ಆಮೇಲೆ ಓಡುತ್ತದೆ. "ಗಾಡಿ ಜಗ್ಗವಲ್ದ್ರಿ" ಅಂದರೆ ಸಾಕು, ಪಕ್ಕದವರ ತೀರ್ಪು ತಯಾರು: "ವಯಸ್ಸಾಗೇತಿ, ಇಂಜಿನ್ ಕೆಲ್ಸ ಬಂದೈತ್ರಿ."

ವಯಸ್ಸಾಗಿರುವುದು ನಿಜ. 800ರ ತಯಾರಿಕೆ 2014ರಲ್ಲೇ ನಿಂತಿತು, ಓಮ್ನಿಯದು 2019ರಲ್ಲಿ. ಆದರೆ ಬೋರ್, ರಿಂಗ್ ಸವೆದ ಇಂಜಿನ್ ಎಲ್ಲ ವೇಗದಲ್ಲೂ ಸೊರಗುತ್ತದೆ, ಆಯಿಲ್ ಕುಡಿಯುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬಿಡುತ್ತದೆ. ಇದಾವುದೂ ಇಲ್ಲದೆ, ಒತ್ತಿದ ಕ್ಷಣದಲ್ಲಷ್ಟೇ ಮುಗ್ಗರಿಸಿದರೆ ಮೊದಲು ನೋಡಬೇಕಾದದ್ದು ಪೆಟ್ರೋಲ್, ಕಿಡಿ, ಗಾಳಿ. ಇವು ಮೂರನ್ನೂ ಬಹುಮಟ್ಟಿಗೆ ಮನೆಯಂಗಳದಲ್ಲೇ ಪರೀಕ್ಷಿಸಬಹುದು.

ಎರಡನೆಯ ನಂಬಿಕೆ ಕಾರ್ಬುರೇಟರಿನ ಸ್ಕ್ರೂ ಮೇಲಿನದು. "ಟ್ಯೂನ್ ಮಾಡಿಸ್ರಿ, ಸರಿ ಹೋಗ್ತೈತಿ." ಆ ಸ್ಕ್ರೂ ಆಳುವುದು ಐಡ್ಲಿಂಗನ್ನು, ಅಂದರೆ ನಿಂತ ಗಾಡಿಯ ಇಂಜಿನ್ ಓಟವನ್ನು ಮಾತ್ರ. ಒಮ್ಮೆಲೇ ಒತ್ತಿದಾಗ ಗಾಳಿ ಥಟ್ಟನೆ ನುಗ್ಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ. ಆ ಕೊರತೆ ತುಂಬಲು ಕಾರ್ಬುರೇಟರಿನಲ್ಲಿ ಎಕ್ಸಲರೇಟರ್ ಪಂಪ್ ಎಂಬ ಪುಟ್ಟ ಪಂಪಿದೆ, ಒಳಗೊಂದು ರಬ್ಬರ್ ಡಯಾಫ್ರಾಮ್. ಅದು ಗಟ್ಟಿಯಾದರೆ, ಹರಿದರೆ, ಇಲ್ಲವೇ ಪೆಟ್ರೋಲ್ ಚಿಮ್ಮುವ ತೂತು ಕಟ್ಟಿದರೆ ತಡವರಿಕೆ ಶುರು.

ಪರೀಕ್ಷೆ ಸುಲಭ. ಇಂಜಿನ್ ಆರಿಸಿ, ತಣ್ಣಗಾಗಲು ಬಿಡಿ. ಓಮ್ನಿಯಾದರೆ ಮುಂದಿನ ಸೀಟು ಎತ್ತಿ. ಇಂಜಿನ್ ಅದರ ಕೆಳಗೇ ಇದೆ. ಏರ್ ಕ್ಲೀನರ್ ತೆಗೆದು ಕಾರ್ಬುರೇಟರಿನ ಬಾಯೊಳಗೆ ಟಾರ್ಚ್ ಬಿಟ್ಟು ಎಕ್ಸಲೇಟರ್ ಕೇಬಲ್ ಎಳೆಯಿರಿ. ಎಳೆದ ಕೂಡಲೇ ಪೆಟ್ರೋಲ್ ಸಣ್ಣ ಧಾರೆಯಾಗಿ ಚಿಮ್ಮಬೇಕು. ತಡವಾಗಿ ಬಂದರೆ, ಬರೀ ಹನಿ ಜಿನುಗಿದರೆ, ಕಳ್ಳ ಸಿಕ್ಕಂತೆ. ಡಯಾಫ್ರಾಮ್ ಕಿಟ್ ಹಾಕಿಸಿದರೆ ಸಾಕು, ಇಡೀ ಕಾರ್ಬುರೇಟರ್ ಬದಲಿಸಬೇಕಿಲ್ಲ. ಈ ಕೆಲಸ ಬಯಲಲ್ಲೇ ಆಗಲಿ, ಬೀಡಿ ಸೇದುವವರು ದೂರ ನಿಲ್ಲಲಿ. ಸ್ಟಾರ್ಟ್ ಆಗಲೆಂದು ಆ ಬಾಯಿಗೆ ಪೆಟ್ರೋಲ್ ಸುರಿಯುವ ಜಾಣತನವಂತೂ ಬೇಡವೇ ಬೇಡ. ಇಂಜಿನ್ ತಿರುಗಿ ಹೊಡೆದರೆ ಬೆಂಕಿ ಮುಖಕ್ಕೇ ಬರುತ್ತದೆ.

ಧಾರೆ ಸರಿಯಿದ್ದರೆ ಕಿಡಿಯ ಸರದಿ. ಇಲ್ಲಿ ಚಾಲ್ತಿಯ ವಿಧಾನ, ಓಡುವ ಇಂಜಿನ್ನಿನ ಪ್ಲಗ್ ವೈರನ್ನು ಒಂದೊಂದಾಗಿ ಕಿತ್ತು ನೋಡುವುದು. ಹಳೆಯ ಮಿಸ್ತ್ರಿಗಳ ಕೈಗೆ ಅದು ರೂಢಿ. ಆದರೆ ಶಾಕ್ ಹೊಡೆಯುತ್ತದೆ, ಕಾಯಿಲಿಗೂ ಪೆಟ್ಟು. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವ) ಗಾಡಿಯಲ್ಲಿ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಸುಡುತ್ತದೆ. ಬದಲಿಗೆ ಕತ್ತಲಾದ ಮೇಲೆ ದೀಪವೆಲ್ಲ ಆರಿಸಿ, ಇಂಜಿನ್ ಚಾಲೂ ಇಟ್ಟು, ಮುಟ್ಟದೆ ನೋಡಿ. ಬಿರಿದ ವೈರಿನ ಮೈಮೇಲೆ ನೀಲಿ ಮಿಣುಕು ಹರಿದಾಡಿದರೆ ಕಿಡಿ ಪ್ಲಗ್ಗಿಗೆ ಮುಟ್ಟುವ ಮೊದಲೇ ಸೋರುತ್ತಿದೆ ಎಂದರ್ಥ. ದುಬಾರಿ ಪ್ಲಗ್ ಹಾಕಿದರೂ ಈ ಸೋರಿಕೆ ನಿಲ್ಲುವುದಿಲ್ಲ, ವೈರನ್ನೇ ಬದಲಿಸಬೇಕು. ಪ್ಲಗ್ ಬಿಚ್ಚಿದಾಗ ಅದರ ಬಣ್ಣವನ್ನೂ ನೋಡಿ: ತೆಳು ಕಂದು ಇದ್ದರೆ ಸರಿ, ಒಣ ಕರಿ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಬಿಳಿಚಿದ್ದರೆ ಗಾಳಿ ಹೆಚ್ಚು, ಎಲ್ಲೋ ವ್ಯಾಕ್ಯೂಮ್ ಪೈಪ್ ಬಿರಿದಿರಬಹುದು. ನಮ್ಮ ಬೇಸಿಗೆಗೆ ರಬ್ಬರ್ ಪೈಪುಗಳು ಬೇಗ ಸೀಳುತ್ತವೆ.

"ಏರ್ ಫಿಲ್ಟರ್ ತೆಗೆದು ಓಡಿಸ್ರಿ, ಪಿಕಪ್ ಬರ್ತೈತಿ" ಎನ್ನುವವರ ಮಾತು ಕೇಳಿದರೆ ಮೈ ಉರಿಯುತ್ತದೆ. ಫಿಲ್ಟರ್ ಕಟ್ಟಿದ್ದರೆ ತೆಗೆದ ಕೂಡಲೇ ಹಗುರಾಗುವುದು ಸಹಜ, ಅದಕ್ಕೇ ಈ ನಂಬಿಕೆ ಬದುಕಿದೆ. ಆದರೆ ಇಳಕಲ್ಲಿನ ಗ್ರಾನೈಟ್ ಕ್ವಾರಿಗಳ ದೂಳೂ ಎರೆಹೊಲದ ದೂಳೂ ಬೆರೆತ ಗಾಳಿ ನೇರ ಸಿಲಿಂಡರಿಗೆ ಹೋದರೆ ಬೋರನ್ನು ತಿಕ್ಕಿ ಸವೆಸುತ್ತದೆ. ಆಗ ಇಂಜಿನ್ ಕೆಲಸ ಖಂಡಿತ ಬರುತ್ತದೆ. ಹೊಸ ಫಿಲ್ಟರ್ ಹಾಕಿ.

ಈಗ ಎಲ್ಲ ದೂರೂ ಎಥೆನಾಲ್ ತಲೆಗೆ. ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಆದರೆ ಎಥೆನಾಲ್ ಮೇಲಿನ ದೂರು ಅರ್ಧ ಸತ್ಯ. ಎಥೆನಾಲ್ ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ತೇವ ಹೀರುತ್ತದೆ, ಟ್ಯಾಂಕಿನ ತಳದ ಹಳೇ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಅದರಲ್ಲೇ ಆಮ್ಲಜನಕ ಇರುವುದರಿಂದ ಕಾರ್ಬುರೇಟರ್ ಗಾಡಿಯ ಮಿಶ್ರಣ ಕೊಂಚ ತೆಳುವಾಗುತ್ತದೆ, ಮೊದಲೇ ಇದ್ದ ತಡವರಿಕೆ ಎದ್ದು ಕಾಣುತ್ತದೆ. ಪೆಟ್ರೋಲ್ ಫಿಲ್ಟರ್, ಪೈಪು ಬದಲಿಸಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ದುಬಾರಿ ಪ್ರೀಮಿಯಂ ಪೆಟ್ರೋಲಿನ ಹೆಚ್ಚಿನ ಆಕ್ಟೇನ್ ಇದಕ್ಕೆ ಮದ್ದಲ್ಲ. ಆಕ್ಟೇನ್ ಅಳೆಯುವುದು ನಾಕಿಂಗ್ ತಡೆಯುವ ಗುಣವನ್ನು, ಶಕ್ತಿಯನ್ನಲ್ಲ.

ನಗುವವರಿದ್ದರೂ ನಿಜವಾದ ಒಂದು ನಂಬಿಕೆ ಇದೆ: ಬೇಸಿಗೆಯಲ್ಲಿ ಅಂಬಾಸಡರ್ ಡ್ರೈವರುಗಳು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದು. ಇಂಜಿನ್ ಬಿಸಿಗೆ ಪಂಪಿನಲ್ಲೂ ಪೈಪಿನಲ್ಲೂ ಪೆಟ್ರೋಲ್ ಆವಿಯಾದರೆ ಪಂಪಿಗೆ ಎಳೆಯಲಾಗದು. ತಣ್ಣಗಾದರೆ ಮತ್ತೆ ಹರಿಯುತ್ತದೆ. ಎಂಪಿಎಫ್‌ಐ ಗಾಡಿಗಳಲ್ಲಿ ಪಂಪ್ ಟ್ಯಾಂಕಿನೊಳಗೇ ಇದ್ದು ಪೆಟ್ರೋಲನ್ನು ಒತ್ತಡದಲ್ಲಿ ತಳ್ಳುವುದರಿಂದ ಈ ತೊಂದರೆ ಅಪರೂಪ. ಅಲ್ಲಿಯ ಭ್ರಮೆ ಬೇರೆ, "ಮೀಟರ್‌ನ್ಯಾಗ ಲೈಟ್ ಬಂದಿಲ್ಲ, ಏನೂ ತೊಂದ್ರಿಲ್ಲ." ಕೊಳಕಾದ ಥ್ರಾಟಲ್ ಬಾಡಿ, ಸೊರಗಿದ ಪೆಟ್ರೋಲ್ ಪಂಪ್, ಸವೆದ ಥ್ರಾಟಲ್ ಸೆನ್ಸರ್ ದೀಪ ಹತ್ತಿಸದೆಯೂ ಗಾಡಿಯನ್ನು ತಡವರಿಸಬಲ್ಲವು. ಥ್ರಾಟಲ್ ಬಾಡಿಯನ್ನು ಅದರದೇ ಸ್ಪ್ರೇಯಿಂದ ನೀವೇ ಒರೆಸಿಕೊಳ್ಳಬಹುದು. ಸೆನ್ಸರ್, ಪಂಪಿನ ಒತ್ತಡ ನೋಡಿಸಲು ಸ್ಕ್ಯಾನರ್, ಗೇಜ್ ಇರುವ ಗ್ಯಾರೇಜಿಗೇ ಹೋಗಬೇಕು.